ತುದಿಯ ತೂಕ

ಮೊದಲು ನನ್ನ ದಡ್ಡತನವನ್ನು ಒಪ್ಪಿಸಿಬಿಡುತ್ತೇನೆ, ಆಮೇಲೆ ನೀವು ನಿಧಾನವಾಗಿ ಬಯ್ಯಬಹುದು. ನನ್ನ ಮೇಜಿನ ಮೇಲೆ ಹಳೆಯ ಬಿಸ್ಕೀಟಿನ ಡಬ್ಬಿಯೊಂದಿದೆ. ಅದರೊಳಗೆ ಏಳು ಉಕ್ಕಿನ ಉಂಗುರಗಳಿವೆ. ಮದುವೆಯ ಉಂಗುರಗಳಲ್ಲ, ಆ ಭಾಗ್ಯ ಇನ್ನೂ ನನ್ನ ಮುಖ ನೋಡಿ ಹಿಂದೆ ಸರಿಯುತ್ತಲೇ ಇದೆ. ಇವು ಮೀನು ಹಿಡಿಯುವ ಕೋಲಿನ ಉದ್ದಕ್ಕೂ ಸಾಲಾಗಿ ಕೂತು, ರೀಲಿನಿಂದ ಹೊರಟ ದಾರವನ್ನು ಒಂದರಿಂದ ಇನ್ನೊಂದಕ್ಕೆ ದಾಟಿಸಿ ತುದಿಗೆ ಮುಟ್ಟಿಸುವ ಉಂಗುರಗಳು. ಕಾಕಾನ ಕೋಲಿನಿಂದ ಇವನ್ನು ಕಿತ್ತವನು ನಾನು; ಅವುಗಳ ಜಾಗದಲ್ಲಿ ಸಣ್ಣ, ಹಗುರ ಉಂಗುರಗಳನ್ನು ಕಟ್ಟಿದವನೂ ನಾನೇ. ಬೆಳಗಾವಿ ಪಕ್ಕದ ಮಚ್ಛೆಯ ಕಾರ್ಖಾನೆಯೊಂದರಲ್ಲಿ ಕೂದಲೆಳೆಯಷ್ಟು ತಪ್ಪಿದ ಬಿಡಿಭಾಗವನ್ನೂ ಅಳೆದು ಪಕ್ಕಕ್ಕೆ ಎಸೆಯುವುದೇ ಕೆಲಸವಾಗಿರುವ ನಾನು, ಇಲ್ಲಿ ಅಳೆಯಲೇಬೇಕಾಗಿದ್ದ ಒಂದೇ ಒಂದು ವಸ್ತುವನ್ನು ಅಳೆಯದೆ ಬಿಟ್ಟೆ.

ಇನ್ನೊಂದು ತಪ್ಪು ಇದಕ್ಕೂ ಹಿಂದಿನದು. ನನಗೆ ನಕಲು ಮಾಡುವ ಚಟ. ಅನಗೋಳದ ನಮ್ಮ ಓಣಿಯಲ್ಲಿ ಯಾರು ಹೇಗೆ ಸೀನುತ್ತಾರೆ, ಮನೆ ಮಾಲೀಕರು ನಲ್ಲಿ ನಿಂತ ಕೂಡಲೇ ಹೇಗೆ ಕೆಮ್ಮುತ್ತಾರೆ, ನಮ್ಮ ಸಾಹೇಬರು ತಮ್ಮದೇ ತಪ್ಪು ಕಂಡಾಗ ಹೇಗೆ ಕನ್ನಡಕ ಒರೆಸಿಕೊಳ್ಳುತ್ತಾರೆ, ಎಲ್ಲವೂ ನನ್ನ ಸಂಗ್ರಹದಲ್ಲಿದೆ. ನನ್ನ ನಡಿಗೆಯನ್ನೂ ಮಾಡಿ ತೋರಿಸಬಲ್ಲೆ: ಬಸ್ಸು ತಪ್ಪಿಸಿಕೊಂಡ ಬಾತುಕೋಳಿ. ಆದರೆ ನನ್ನ ಕಲೆಯ ಶಿಖರವೆಂದರೆ ಕಾಕಾ. ಅಪ್ಪನ ತಮ್ಮ, ಖಾನಾಪುರದ ಹಂಚಿನ ಕಾರ್ಖಾನೆಯಲ್ಲಿ ಜೀವಮಾನ ದುಡಿದವನು, ಭಾನುವಾರ ಬಂತೆಂದರೆ ಮಲಪ್ರಭೆಯ ಬಂಡೆಯ ಮೇಲೆ ನಿಲ್ಲುವವನು. ಎಡಗಾಲು ಮುಂದೆ, ಹಲ್ಲುಗಳ ನಡುವೆ ನಾಲಿಗೆಯ ತುದಿ, ಬಲಭುಜದ ಒಂದು ಕುಣಿತ, ಮಣಿಕಟ್ಟಿನ ಒಂದು ಜಾಡಿಸುವಿಕೆ. ಗಾಳ ಆಚೆಯ ಸುಳಿಗೆ ಬಿದ್ದೊಡನೆ ‘ಹಾಂ’ ಎಂಬ ತೃಪ್ತಿಯ ಸದ್ದು. ಇದನ್ನು ನಾನು ಚಡ್ಡಿ ಹಾಕುವ ವಯಸ್ಸಿನಿಂದ ಮಾಡುತ್ತ ಬಂದಿದ್ದೆ, ಕಾಕಾನೇ ಕೇಳಿ ಮಾಡಿಸಿ ನಗುತ್ತಿದ್ದ.

ಹೋದ ವರ್ಷ ತಂಗಿಯ ಮಗುವನ್ನು ತೊಟ್ಟಿಲಿಗೆ ಹಾಕುವ ದಿನ ಕಾಕಾನ ಕೈಯಿಂದ ಚಹಾದ ಕಪ್ಪು ಜಾರಿತು. ಮಧ್ಯಾಹ್ನ ಊಟವಾದ ಮೇಲೆ ನಾನು ಅದನ್ನು ಅಭಿನಯಿಸಿದೆ: ನಡುಗುವ ಬೆರಳು, ಓರೆಯಾಗುವ ಕಪ್ಪು, ‘ಆಂ ಆಂ’ ಎನ್ನುವ ಮುಖ. ಮಂದಿಯೆಲ್ಲ ಹೊಟ್ಟೆ ಹಿಡಿದು ನಕ್ಕರು. ತಿರುಗಿದರೆ ಕಾಕಾ ಬಾಗಿಲಲ್ಲಿ ನಿಂತಿದ್ದ. ಅವನೂ ನಕ್ಕ, ಆದರೆ ಬಲಗೈಯನ್ನು ಮೆಲ್ಲಗೆ ಬೆನ್ನ ಹಿಂದೆ ಸರಿಸಿಕೊಂಡ. ತಿಂಗಳೊಪ್ಪತ್ತಿನಲ್ಲಿ ಬೆಳಗಾವಿಯ ದೊಡ್ಡ ಡಾಕ್ಟರು ಆ ನಡುಕಕ್ಕೆ ಒಂದು ಹೆಸರು ಕೊಟ್ಟರು. ನರಗಳು ಒಣಗುವ ಜಡ್ಡು. ಬಲಗೈಯಿಂದ ಎಡಗೈಗೆ, ಅಲ್ಲಿಂದ ನಾಲಿಗೆಗೆ ಹೋಗುತ್ತದೆ. ಹಿಂದಕ್ಕೆ ತಿರುಗಿಸುವ ಔಷಧಿ ಇಲ್ಲ.

ಕಾಕಾ ಅಳಲಿಲ್ಲ. ಮನೆಗೆ ಬಂದು ಹೇಳಿದ್ದು ಇಷ್ಟು: “ಎಡಗೈ ಹೋಗೂದ್ರಾಗ ಒಂದ್ ಮೀನ ನಾನ ದಂಡಿಗೆ ತರಬೇಕು. ಯಾರೂ ಕೈ ಹಚ್ಚಬಾರ್ದು ನೋಡ್ರಿ.”

ಕೋಲನ್ನು ಬಲಗಂಕುಳಲ್ಲಿ ಅವುಚಿ ಎಡಗೈಯಿಂದ ರೀಲು ತಿರುಗಿಸಲು ಅವನು ಕಲಿತ. ಆದರೆ ಕೋಲಿನ ಮೂತಿ ಮತ್ತೆ ಮತ್ತೆ ನೀರಿಗೆ ಬಾಗುತ್ತಿತ್ತು. ತೂಕಕ್ಕೆ ಒಂದು ವಿಚಿತ್ರ ಗುಣವಿದೆ ಗೆಳೆಯರೇ: ಹಿಡಿಕೆಯ ಹತ್ತಿರ ಹಿಡಿ ಮಣ್ಣು ಕಟ್ಟಿದರೂ ಕೈಗೆ ಗೊತ್ತಾಗದು, ತುದಿಯಲ್ಲಿ ಒಂದು ಉಂಗುರ ದಪ್ಪವಾದರೆ ಭುಜ ಕೀಳುತ್ತದೆ. ಮಾತೂ ಹಾಗೆಯೇ ಎಂದು ನನಗೆ ಹೊಳೆದದ್ದು ತಡವಾಗಿ. ಆಡುವವನ ಬಾಯಲ್ಲಿ ಹೂವಿನಷ್ಟು ಹಗುರಾಗಿದ್ದ ಆ ಅಭಿನಯ, ಇನ್ನೊಂದು ತುದಿಯಲ್ಲಿ ನಿಂತವನ ಕೈಯನ್ನು ಬೆನ್ನ ಹಿಂದೆ ಕಳಿಸುವಷ್ಟು ಭಾರವಾಗಿತ್ತು. ಕ್ಷಮೆ ಕೇಳುವ ಧೈರ್ಯವಿರಲಿಲ್ಲ; ಉಂಗುರ ಬದಲಿಸುವ ಕೌಶಲವಿತ್ತು. ನಮ್ಮಂಥವರು ಹೀಗೆಯೇ, ಬಾಯಿ ಮಾಡಿದ ತಪ್ಪಿಗೆ ಕೈಯಿಂದ ತೇಪೆ ಹಚ್ಚುತ್ತೇವೆ.

ಎರಡು ಭಾನುವಾರ ಕಾಕಾನ ಪಡಸಾಲೆಯಲ್ಲಿ ಕೂತು ಹಳೆಯ ಅಂಟು ಕೆರೆದೆ, ಸಣ್ಣ ಉಂಗುರಗಳಿಗೆ ರೇಷ್ಮೆ ದಾರ ಸುತ್ತಿದೆ. ಕಾಕಾನ ಹೆಂಡತಿ ಕಾಕು ರೊಟ್ಟಿ ಬಡಿಯುತ್ತ ಇಣುಕಿ ನೋಡಿ, “ಬಾಳ್ಯಾ, ಕೋಲಿನ ಅಂಗಿ ಬಿಚ್ಚಿ ಕುಂತಿ ಏನೋ? ಅದಕ್ಕೂ ಜ್ವರಾ ಬಂದಾವೇನು?” ಎಂದಳು. “ಒಡವಿ ಭಾಳ ಆಗಿದ್ವು ಕಾಕು, ಹಗೂರ ಮಾಡಾಕತ್ತೀನಿ” ಎಂದೆ. ಉಂಗುರದ ಒಳಸುತ್ತು ಅಳೆದೆ, ಒಂದರಿಂದೊಂದರ ದೂರ ಅಳೆದೆ, ಕಾರ್ಖಾನೆಯ ತಕ್ಕಡಿಯಲ್ಲಿ ತೂಗಿಯೂ ನೋಡಿದೆ. ಮುಗಿದ ಕೋಲನ್ನು ಕಾಕಾನ ಕಂಕುಳಲ್ಲಿ ಇಟ್ಟಾಗ ಮೂತಿ ಮೇಲಕ್ಕೆದ್ದು ನಿಂತಿತು. ಕಾಕಾ ಆ ತುದಿಯನ್ನು ನೋಡಿ, “ಖರೇನ ಹಗೂರ ಆತಲೇ” ಎಂದ.

ಮಳೆಗಾಲ ಹತ್ತಿರವಾಗಿದ್ದ ಒಂದು ಬೆಳಿಗ್ಗೆ ಬಂಡೆಗೆ ಹೋದೆವು. ಮನೆಯಲ್ಲಿ ಕಾಕು ಮಸಾಲೆ ಅರೆದಿಟ್ಟೇ ಕಳಿಸಿದ್ದಳು. ಮಲಪ್ರಭೆಯ ಕಲ್ಲುಗಳು ತೆಳು ದಾರವನ್ನು ಕೊಯ್ಯುತ್ತವೆಂದು ಕಾಕಾ ದಾರದ ಕೊನೆಗೆ ಒಂದೂವರೆ ಮಾರು ದಪ್ಪ ದಾರವನ್ನು ಗಂಟು ಹಾಕಿ ಸೇರಿಸುತ್ತಿದ್ದ. ತೆಳು ದಾರವನ್ನು ಉಂಗುರಗಳಲ್ಲಿ ಪೋಣಿಸಿ ಕೊಟ್ಟೆ. ಗಂಟನ್ನು ಅವನೇ ಹಾಕಿಕೊಂಡ, ಹಲ್ಲು ಮತ್ತು ಎಡಗೈಯಿಂದ. ಎಸೆಯುವ ಶಕ್ತಿಯಿರಲಿಲ್ಲ, ಗಾಳವನ್ನು ಹರಿವಿಗೆ ಬಿಟ್ಟ.

ಮೀನು ಬಂತು. ಸಣ್ಣದಲ್ಲ, ಕೋಲು ಬಿಲ್ಲಾಯಿತು. ಎಡಗೈ ಒಂದು ಸುತ್ತು, ವಿಶ್ರಾಂತಿ, ಮತ್ತೊಂದು ಸುತ್ತು. ನಾನು ಕೈ ಕಟ್ಟಿ ನಿಂತಿದ್ದೆ, ನಿಯಮ ಹಾಗಿತ್ತು. ಬೆಳ್ಳಿಯ ಪಕ್ಕೆ ದಂಡೆಗೆ ಒಂದೂವರೆ ಮಾರು ದೂರದಲ್ಲಿ ಹೊಳೆದಾಗ ರೀಲು ಟಕ್ಕನೆ ನಿಂತಿತು. ದಾರಗಳನ್ನು ಸೇರಿಸಿದ ಆ ಗಂಟು ತುದಿಯ ಸಣ್ಣ ಉಂಗುರಕ್ಕೆ ಬಂದು ಸಿಕ್ಕಿಬಿದ್ದಿತ್ತು. ಹಿಂದೆಲ್ಲ ಕಾಕಾನ ಗಂಟು ಸಾಸಿವೆಯಷ್ಟಿರುತ್ತಿತ್ತು. ನನ್ನ ಲೆಕ್ಕದಲ್ಲಿದ್ದದ್ದು ಆ ಗಂಟು. ಬಿಗಿಯಲಾರದ ಬೆರಳುಗಳು ಈಗ ಹಾಕುವ ಗಂಟು ಜೋಳದ ಕಾಳಿನಷ್ಟಿತ್ತು. ಬೆರಳು ನಡುಗಿದ್ದನ್ನು ಅಷ್ಟು ಚೆನ್ನಾಗಿ ಅಭಿನಯಿಸಿದವನಿಗೆ ಆ ಬೆರಳು ಎಂಥ ಗಂಟು ಹಾಕೀತೆಂದು ತಿಳಿಯಲಿಲ್ಲ.

“ಬ್ಯಾಡ, ಬ್ಯಾಡಲೇ!” ಎಂದು ಕಾಕಾ ಕೂಗುತ್ತಿದ್ದಂತೆ ನಾನು ನೀರಿಗೆ ಹಾರಿ ದಾರ ಹಿಡಿದೆ. ಮೀನು ಒಮ್ಮೆ ಮಗ್ಗುಲಾಯಿತು. ದಾರ ಗಂಟಿನ ಬಳಿಯೇ ಕಡಿಯಿತು.

ಮುಂದಿನ ಭಾನುವಾರದೊಳಗೆ ಹೊಳೆ ತುಂಬಿತು. ಹೊಳೆ ಇಳಿಯುವ ಹೊತ್ತಿಗೆ ಕಾಕಾನ ಎಡಗೈಯೂ ಇಳಿದಿತ್ತು. ಈಗ ಕಾಕು ಚಮಚದಲ್ಲಿ ಅಂಬಲಿ ಉಣಿಸುತ್ತಾಳೆ, ಕಾಕಾ ಕಣ್ಣಲ್ಲಿ ಮಾತಾಡುತ್ತಾನೆ. ಡಬ್ಬಿಯ ಈ ಏಳು ಉಂಗುರಗಳನ್ನು ತಿರುಗಿ ಕಟ್ಟುವ ಪ್ರಶ್ನೆಯೇ ಉಳಿದಿಲ್ಲ. ಆದರೂ ಒಮ್ಮೊಮ್ಮೆ ಒಂದನ್ನು ತೆಗೆದು ನೋಡುತ್ತೇನೆ. ಅಂಗೈಯಲ್ಲಿ ಅದಕ್ಕೆ ತೂಕವೇ ಇಲ್ಲ. ಪ್ರತಿ ಭಾನುವಾರ ಖಾನಾಪುರಕ್ಕೆ ಹೋಗಿ, ಹಾಸಿಗೆಯ ಎದುರು ನಿಂತು, ಮೂಲೆಯ ಕೋಲನ್ನು ಕೈಗೆತ್ತಿಕೊಂಡು ಎಡಗಾಲು ಮುಂದಿಡುತ್ತೇನೆ. ಕಾಕಾ ಹೇಳಿದ ಒಂದೇ ಕೆಲಸ ಅದು.

ಹೇಳಿದ್ದು ಆ ಬೆಳಿಗ್ಗೆಯೇ. ಒದ್ದೆ ಬಟ್ಟೆಯಲ್ಲಿ ಬಂಡೆ ಹತ್ತಿ ಬಂದು, ತುಂಡು ದಾರವನ್ನು ಹಿಡಿದುಕೊಂಡೇ, ವರ್ಷದಿಂದ ಗಂಟಲಲ್ಲಿದ್ದದ್ದನ್ನು ಕಕ್ಕಿದ್ದೆ: “ತಪ್ಪಾತು ಕಾಕಾ. ಅವತ್ತ ಕಪ್ಪು ಚೆಲ್ಲಿದ್ದು ಮಾಡಿ ತೋರಿಸಿದ್ನಲ್ಲ, ಅದೂ ತಪ್ಪಾತು. ಇನ್ನ ಮ್ಯಾಲೆ ನಿನ್ನ ನಕಲ್ ಮಾಡೂದಿಲ್ಲ, ನಿನ್ನ ಆಣಿ.”

ಆಗಲೇ ದಪ್ಪಗಾಗತೊಡಗಿದ್ದ ನಾಲಿಗೆಯಿಂದ, ಒಂದೊಂದು ಶಬ್ದವನ್ನೂ ದಂಡೆಗೆ ಎಳೆದು ತರುವಂತೆ ಕಾಕಾ ಅಂದ:

“ಈ ಕೈ ನಕಲ್ ಮಾಡಾಕ ನಾ ಒಬ್ಬಾಂವ ಸಾಕಲೇ. ನೀ ನನ್ನ ಹಳೀ ಕೈ ಮಾಡು.”