ವಾಣದ ಚೀಲದಲ್ಲಿದ್ದ ಟ್ಯಾಂಕರು

ನನಗೆ ಸೈಕಲ್ ಬಿಟ್ಟರೆ ಬೇರೆ ಯಾವ ಗಾಡಿಯೂ ಬರುವುದಿಲ್ಲ. ಪುಣೆಯಂಥ ಊರಿನಲ್ಲಿ ಮೂವತ್ತೆರಡು ವರ್ಷ ಗುಮಾಸ್ತಿಕೆ ಮಾಡಿ, ಸ್ಕೂಟರ್ ಕೂಡ ಕಲಿಯದೆ ನಿವೃತ್ತನಾದವನು ನಾನೊಬ್ಬನೇ ಇರಬೇಕು. ಆದರೂ ನಮ್ಮ ಮನೆಯ ಶೋಕೇಸಿನಲ್ಲಿ ಅರವತ್ತಕ್ಕೂ ಹೆಚ್ಚು ಗಾಡಿಗಳಿವೆ. ಎಲ್ಲವೂ ಅಂಗೈಯಲ್ಲಿ ಹಿಡಿಯುವಂಥ ಪ್ಲಾಸ್ಟಿಕ್ಕಿನವು, ಹೊಟ್ಟೆಯಲ್ಲಿ ಪೆಪ್ಪರಮಿಂಟಿನ ಗೋಳಿ ತುಂಬಿಕೊಂಡವು. ಬಸ್ಸಿನ ಬಾಗಿಲು ಒತ್ತಿದರೆ ಹಿಂದಿನಿಂದ ಒಂದು ಗೋಳಿ ಬೀಳುತ್ತದೆ, ಬುಲ್ಡೋಜರಿನ ಮೂತಿ ಎತ್ತಿದರೆ ಮುಂದಿನಿಂದ. ಜನ ಜೇಜುರಿಯ ಗುಡಿಗೆ ಹೋದರೆ ಅರಿಷಿಣದ ಭಂಡಾರ ತರುತ್ತಾರೆ, ನಾನು ಅಲ್ಲಿನ ಮೆಟ್ಟಿಲ ಪಕ್ಕದ ಅಂಗಡಿಯಿಂದ ಹಳದಿ ರಿಕ್ಷಾ ತಂದೆ. ಬಾರಾಮತಿಗೆ ಮದುವೆಗೆಂದು ಹೋದವನು ಅಕ್ಷತೆಯ ಹೊತ್ತಿಗೆ ಬಸ್ ಸ್ಟ್ಯಾಂಡಿನಲ್ಲಿ ಟ್ರ್ಯಾಕ್ಟರ್ ಆರಿಸುತ್ತಾ ನಿಂತಿದ್ದೆ. ಗೋಳಿಗಳನ್ನು ನಾನು ತಿನ್ನುವುದಿಲ್ಲ. ತುಂಬಿದ ಗಾಡಿ ತುಂಬಿದಂತೆಯೇ ಇರಬೇಕು, ಅದು ನನ್ನ ಹಟ.

ಶೋಕೇಸು ಭರ್ತಿಯಾದ ದಿನ ಹೆಂಡತಿ ಸೊಂಟದ ಮೇಲೆ ಕೈಯಿಟ್ಟು ಹೇಳಿಬಿಟ್ಟಳು: "ಇನ್ನೊಂದು ಗಾಡಿ ಈ ಮನಿಯೊಳಗ ಬಂತಂದ್ರ ನಾ ಧಾರವಾಡಕ್ಕ ಹೊಕ್ಕೀನಿ ನೋಡ್ರಿ. ಆಮ್ಯಾಲೆ ಗಾಡಿ ಕಡೆನ ಚಹಾ ಮಾಡಿಸ್ಕೋರಿ."

ಅಂದಿನಿಂದ ನಾನು ಕಳ್ಳನಾದೆ. ತಂದ ಗಾಡಿಗಳನ್ನು ವಾಣದ ಚೀಲದಲ್ಲಿ ಬಚ್ಚಿಡತೊಡಗಿದೆ. ಸಂಕ್ರಾಂತಿಯ ಅರಿಷಿಣ-ಕುಂಕುಮಕ್ಕೆ ಬಂದ ಮುತ್ತೈದೆಯರಿಗೆ ಸಣ್ಣದೊಂದು ವಸ್ತು ಕೊಡುವುದುಂಟಲ್ಲ, ಅದೇ ವಾಣ. ಬಟ್ಟಲು, ಡಬ್ಬಿ, ಚಹಾ ಸೋಸುವ ಜರಡಿ, ಯಾರೋ ಕೊಟ್ಟದ್ದು, ಇನ್ಯಾರಿಗೋ ಕೊಡಬೇಕಾದದ್ದು ಎಲ್ಲವೂ ಅಟ್ಟದ ಮೇಲಿನ ಒಂದು ದೊಡ್ಡ ಚೀಲದಲ್ಲಿರುತ್ತವೆ. ಸಂಕ್ರಾಂತಿ ಬರುವವರೆಗೆ ಅದನ್ನು ಯಾರೂ ಮುಟ್ಟುವುದಿಲ್ಲ. ಕಳ್ಳಮಾಲಿಗೆ ಇದಕ್ಕಿಂತ ಒಳ್ಳೆಯ ಜಾಗ ಪುಣೆಯಲ್ಲೇ ಇಲ್ಲ ಎಂದು ನಾನು ಬೀಗುತ್ತಿದ್ದೆ.

ಆ ಚೀಲದ ತಳದಲ್ಲಿ, ಕರವಸ್ತ್ರದಲ್ಲಿ ಸುತ್ತಿ, ಒಂದು ಹಸಿರು ಟ್ಯಾಂಕರ್ ಇಟ್ಟಿದ್ದೆ. ಅದು ನನ್ನ ಅಣ್ಣ ಕೊಟ್ಟದ್ದು. ಅಣ್ಣ ಕುರಕುಂಭದ ಕಾರ್ಖಾನೆಗಳಿಂದ ಕೆಮಿಕಲ್ ಟ್ಯಾಂಕರ್ ಹೊಡೆಯುತ್ತಿದ್ದ, ಮನೆ ದೌಂಡಿನಲ್ಲಿ. ಒಮ್ಮೆ ಪುಣೆಯ ಮೇಲೆ ಹಾದುಹೋಗುವಾಗ ಹಡಪ್ಸರದ ನಾಕೆಗೆ ನನ್ನನ್ನು ಕರೆಸಿ, ಕ್ಯಾಬಿನ್ನಿನಿಂದ ಬಗ್ಗಿ ಅದನ್ನು ಕೈಗಿಟ್ಟ.

"ಲೇ ತಮ್ಮಾ, ಎಲ್ಲಾ ಗಾಡಿ ಅವ ನಿನ್ನ ಕಡೆ, ನನ್ನ ಗಾಡಿ ಒಂದು ಇರಲಿಲ್ಲ. ಸಿಕ್ತು ನೋಡು. ಒಳಗ ಖಾಲಿ ಇತ್ತು, ನಾನ ಜೀರಗಿ ಗೋಳಿ ತುಂಬೀನಿ. ಒತ್ತು, ಒಂದು ತಿನ್ನು."

ಅದು ತುಂಬಿದಂತೆಯೇ ಇರಬೇಕೆಂದು ನಾನು ತಿನ್ನಲಿಲ್ಲ. ಹಿಂದಿನ ಗಾಡಿಗಳು ಹಾರ್ನ್ ಹೊಡೆಯುತ್ತಿದ್ದವು, ಅವನೂ ನಕ್ಕು ಗೇರ್ ಹಾಕಿದ. ಎರಡು ತಿಂಗಳಿಗೆ ಅಣ್ಣ ಹೋದ. ಎದೆಯುರಿ ಎಂದು ಕಟ್ಟೆಯ ಮೇಲೆ ಕೂತವನು ಏಳಲೇ ಇಲ್ಲ.

ಆಮೇಲೆ ಅದನ್ನು ಶೋಕೇಸಿನಲ್ಲಿಡಲು ನನಗೆ ಧೈರ್ಯ ಬರಲಿಲ್ಲ. ಮನೆಗೆ ಬಂದವರೆಲ್ಲ ಒಂದೊಂದು ಗಾಡಿ ಎತ್ತಿ ಒತ್ತಿ ನೋಡುವವರೇ. ಅಣ್ಣ ತನ್ನ ದಪ್ಪ ಬೆರಳಿನಿಂದ ಒಂದೊಂದಾಗಿ ತುಂಬಿದ ಗೋಳಿಗಳು ಅವು. ಅವನ ಕೈ ಮುಟ್ಟಿದ್ದು ಎಂದು ನನ್ನ ಹತ್ತಿರ ಉಳಿದದ್ದು ಅಷ್ಟೇ. ಪ್ರತಿ ಸಂಕ್ರಾಂತಿಯ ಮುಂಚೆ ಅದನ್ನೂ ಉಳಿದ ಕಳ್ಳಗಾಡಿಗಳನ್ನೂ ಆಫೀಸಿನ ಡ್ರಾವರಿಗೆ ಒಯ್ದು, ಮುಗಿದ ಮೇಲೆ ಮತ್ತೆ ಚೀಲಕ್ಕೆ ತರುತ್ತಿದ್ದೆ.

ಈ ವರ್ಷ ಡ್ರಾವರ್ ಇಲ್ಲ, ನಿವೃತ್ತಿಯಾಗಿದೆ. ಆದರೂ ನಾನು ನಿಶ್ಚಿಂತನಾಗಿದ್ದೆ. ಅರಿಷಿಣ-ಕುಂಕುಮವನ್ನು ಸಂಕ್ರಾಂತಿಯಿಂದ ರಥಸಪ್ತಮಿಯವರೆಗೆ ಯಾವ ದಿನವಾದರೂ ಇಟ್ಟುಕೊಳ್ಳಬಹುದು, ನಮ್ಮ ಮನೆಯಲ್ಲಿ ಯಾವಾಗಲೂ ರಥಸಪ್ತಮಿಗೇ. ಇನ್ನೂ ವಾರವಿದೆ, ತೆಗೆದರಾಯಿತು ಎಂದುಕೊಂಡೆ. ಆದರೆ ಮಗಳ ಕೂಸಿಗೆ ಇದು ಮೊದಲ ಸಂಕ್ರಾಂತಿ, ಅಳಿಯನ ಮನೆಯವರು ಮರಾಠಿಯವರು. ಕೂಸಿಗೆ ತಲೆಯ ಮೇಲಿಂದ ಎಲಚಿಹಣ್ಣು ಸುರಿಯುವ ಬೋರನ್ಹಾಣ ಮಾಡಬೇಕು, ಭಾನುವಾರವೇ ಎಲ್ಲರಿಗೂ ಬಿಡುವು, ಎರಡೂ ಒಟ್ಟಿಗೆ ಆಗಲಿ ಎಂದು ಹೆಂಗಸರು ಫೋನಿನಲ್ಲೇ ಗೊತ್ತುಮಾಡಿಬಿಟ್ಟಿದ್ದರು. ನನಗೆ ಗೊತ್ತಾದದ್ದು ಭಾನುವಾರ ಮಧ್ಯಾಹ್ನ, ಹೆಂಡತಿ ಕೈಗೆ ಚೀಲ ಕೊಟ್ಟು "ಬಾರಿಹಣ್ಣು ಸಾಲಂಗಿಲ್ಲ, ಮಂಡಿಗೆ ಓಡ್ರಿ" ಎಂದು ಅಟ್ಟಿದಾಗ. ಟ್ಯಾಂಕರಿನ ನೆನಪಾದದ್ದು ಮಂಡಿಯಲ್ಲಿ, ಬಾರಿಹಣ್ಣು ತೂಗುವಾಗ. ಹಣ್ಣು ಅರ್ಧ ಚೆಲ್ಲಿಕೊಂಡು ರಿಕ್ಷಾ ಹಿಡಿದೆ.

ತಡವಾಗಿತ್ತು. ಕಪ್ಪಂಗಿ ತೊಟ್ಟು ಕುಸುರೆಳ್ಳಿನ ಮುಕುಟ ಹಾಕಿಕೊಂಡ ಮೊಮ್ಮಗ ಮಣೆಯ ಮೇಲೆ ಕೂತಿದ್ದ. ಅವನ ತಲೆಯ ಮೇಲಿಂದ ಚುರುಮುರಿ, ಕಬ್ಬಿನ ತುಂಡು, ಚಾಕಲೇಟು ಸುರಿಯುತ್ತಿದ್ದರು. ಸುತ್ತ ಕೂತ ಮಕ್ಕಳು ಬಾಚಿಕೊಳ್ಳುತ್ತಿದ್ದವು. ಬೋರನ್ಹಾಣವೆಂದರೆ ಅದೇ, ಸುರಿದದ್ದು ಕೂಸಿಗಲ್ಲ, ಬಾಚಿಕೊಂಡವರಿಗೆ. ಚುರುಮುರಿಯ ನಡುವೆ ನನ್ನ ಗಾಡಿಗಳೂ ಬಿದ್ದಿದ್ದವು.

ಹೆಂಡತಿಯ ಮುಖ ಅರಳಿತ್ತು. ಬೀಗಿತ್ತಿಗೆ ಮರಾಠಿಯಲ್ಲಿ ಹೇಳುತ್ತಿದ್ದಳು: "ಬಾಯಿ ಬಿಟ್ಟು ಒಂದು ಮಾತು ಹೇಳಲಿಲ್ಲ ನೋಡ್ರಿ ಇವರು. ಮೊಮ್ಮಗನ ಸಲುವಾಗಿ ಇಷ್ಟೆಲ್ಲಾ ತಂದು ವಾಣದ ಚೀಲದಾಗ ಮುಚ್ಚಿಟ್ಟಿದ್ರು!" ಎಲ್ಲರೂ ನನ್ನ ಕಡೆ ತಿರುಗಿ ಮೆಚ್ಚಿದರು. ನಾನು ಹಲ್ಲು ಕಿರಿದೆ. ಮೇಲಿನ ಮನೆಯ ನಾಲ್ಕು ವರ್ಷದ ಹುಡುಗಿಯ ಮಡಿಲಲ್ಲಿ ಹಸಿರು ಟ್ಯಾಂಕರ್ ಇತ್ತು. ಕೂಸಿನ ತಲೆಯ ಮೇಲಿಂದ ಸುರಿದದ್ದನ್ನು ಇನ್ನೊಂದು ಕೂಸಿನ ಕೈಯಿಂದ ಕಿತ್ತುಕೊಳ್ಳುವುದು ಹೇಗೆ? ಅಪಶಕುನ ಎಂದು ಬೀಗರು ಹುಬ್ಬು ಗಂಟಿಕ್ಕುತ್ತಾರೆ. ಬಾರಿಹಣ್ಣಿನ ಚೀಲ ಹಿಡಿದು ನಿಂತೇ ಇದ್ದೆ.

ಎಲ್ಲರೂ ಹೋದ ಮೇಲೆ ಇನ್ನೊಂದು ಯೋಚನೆ ಹೊಕ್ಕಿತು. ಆ ಗೋಳಿಗಳಿಗೆ ಮೂರು ವರ್ಷ. ಆ ಹುಡುಗಿ ತಿಂದು ಹೊಟ್ಟೆ ಕೆಟ್ಟರೆ? ಹೇಳಬೇಕು. ಹೇಳಿದರೆ, ಮೊಮ್ಮಗನ ಬೋರನ್ಹಾಣದಲ್ಲಿ ಹಳಸಿದ್ದು ಸುರಿದರು ಎಂಬ ಮಾತು ಅಳಿಯನ ಮನೆಯವರೆಗೆ ಹೋಗುತ್ತದೆ. ಹೀಗೆ ಲೆಕ್ಕ ಹಾಕುತ್ತಾ ಸಂಜೆಯೆಲ್ಲ ಕಳೆದೆ, ನಾಚಿಕೆಯಿಲ್ಲದವನು. ಆ ಯೋಚನೆಯ ಸಂದಿಯಲ್ಲಿ ಒಂದು ಆಸೆಯೂ ಇತ್ತು: ಗೋಳಿ ಕೆಟ್ಟಿದೆ ಎಂಬ ನೆಪದಲ್ಲಿ ಟ್ಯಾಂಕರನ್ನೇ ಇಸಿದುಕೊಂಡು ಬರಬಹುದು.

ಮರುದಿನ ಬೆಳಿಗ್ಗೆ ಮೇಲೆ ಹೋಗಿ ನನ್ನ ಮುರುಕು ಮರಾಠಿಯಲ್ಲಿ ಗೋಳಿಯ ವಿಷಯ ತೆಗೆದೆ. ಹುಡುಗಿಯ ತಾಯಿ ನಕ್ಕರು. "ಗೋಳ್ಯಾ? ತ್ಯಾ ಕಾಲ್‌ಚ್ ಫೇಕೂನ್ ದಿಲ್ಯಾ, ಕಾಕಾ." ನಿನ್ನೆಯೇ ಬಿಸಾಡಿದ್ದರಂತೆ. ಅಂಟಂಟಾಗಿ ಒಂದಕ್ಕೊಂದು ಹತ್ತಿಕೊಂಡಿದ್ದವಂತೆ, ಕಡ್ಡಿ ಹಾಕಿ ಕೆದರಿ ತೆಗೆದು, ಸೋಪು ಹಚ್ಚಿ ತೊಳೆದಿದ್ದರಂತೆ. ಕಸದ ಗಾಡಿ ಆಗಲೇ ಬಂದು ಹೋಗಿತ್ತು. ಒಳಗೆ ಬಚ್ಚಲಿನಲ್ಲಿ ಹುಡುಗಿ ಟ್ಯಾಂಕರಿಗೆ ನೀರು ತುಂಬಿ ಓಡಿಸುತ್ತಿದ್ದಳು. ಆ ಖಾಲಿ ಗಾಡಿಯನ್ನು ಕೇಳಿ ನಾನೇನು ಮಾಡಲಿ? ಛಾನ್ ಛಾನ್, ಬಲು ಚೆಂದ ಎಂದು ಹೇಳಿ ಇಳಿದು ಬಂದೆ.

ಹೆಂಡತಿ ಎಳ್ಳು ಹುರಿಯುತ್ತಿದ್ದಳು. ಮುಖ ನೋಡಿ ಏನಾಯಿತೆಂದು ಕೇಳಿದಳು. ಇನ್ನು ಮುಚ್ಚಿಡಲು ಏನು ಉಳಿದಿತ್ತು? ಕುರ್ಚಿಯ ಮೇಲೆ ಕೂತು ಎಲ್ಲವನ್ನೂ ಹೇಳಿದೆ, ಹೇಳುತ್ತಾ ಅತ್ತೆ. ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ಒಲೆ ಆರಿಸಿ ಎದುರು ಕೂತಳು.

"ಭಾವಾರು ನನಗ ಕೇಳಿದ್ರು," ಅಂದಳು.

"ಏನ್ ಕೇಳಿದ್ದ?"

"ಆವಾಗ ಒಮ್ಮೆ ಫೋನ್ ಮಾಡಿದ್ರು. ಹೋದ ತಿಂಗಳ ತಮ್ಮಗ ಒಂದು ಗಾಡಿ ಕೊಟ್ಟೇನಿ, ಶೋಕೇಸಿನಾಗ ಎಲ್ಲಿಟ್ಟಾನ ಅಂತ ಕೇಳಿದ್ರು. ನನಗೇನು ಗೊತ್ತು? ಹೊಸಾದು ಯಾವುದೂ ಇಟ್ಟಿಲ್ರಿ ಅಂದೆ. ಹೋಗ್ಲಿ ಬಿಡವಾ, ನಾ ಕೇಳಿದ್ದು ಅಂವಗ ಹೇಳಬ್ಯಾಡ ಅಂದ್ರು."

ಅದಾದ ಮೇಲೆ ಅಣ್ಣ ಒಂದು ತಿಂಗಳು ಬದುಕಿದ್ದ. ಪ್ರತಿ ಭಾನುವಾರ ನಾನು ಅವನೊಡನೆ ಫೋನಿನಲ್ಲಿ ಮಾತಾಡುತ್ತಿದ್ದೆ, ಟ್ಯಾಂಕರಿನ ಮಾತು ಒಮ್ಮೆಯೂ ಎತ್ತಲಿಲ್ಲ.