ಚಿಕ್ಕಪ್ಪನ ಕಲ್ಲು

ದರ್ಜಿ ಕೆಲಸದ ನಮ್ಮ ಚಿಕ್ಕಮ್ಮನಿಗೆ ಕಲ್ಲು ಉಜ್ಜಿ ಹೊಳಪು ಬರಿಸುವ ಹುಚ್ಚು. ಹಿತ್ತಲಲ್ಲಿ ಮೋಟಾರು ಕಟ್ಟಿದ ದೊಡ್ಡ ಡ್ರಮ್ಮು ವಾರಗಟ್ಟಲೆ ಗಡಗಡ ತಿರುಗುತ್ತದೆ. ಒಳಗೆ ನೀರು, ಉಜ್ಜುವ ಪುಡಿ, ದಾರಿಯಲ್ಲಿ ಹೆಕ್ಕಿದ ಕಲ್ಲುಗಳು. ಯಾವ ಕಲ್ಲು ಕಂಡರೂ ಅವಳದು ಒಂದೇ ಪ್ರಶ್ನೆ: ಇದು ಹೊಳೆದೀತೇ?

ಚಿಕ್ಕಪ್ಪನ ಕಿಡ್ನಿಯಿಂದ ತೆಗೆದ ಕಲ್ಲು ಶೋಕೇಸಿನ ಸೀಸೆಯಲ್ಲಿತ್ತು. ಅದನ್ನು ತೋರಿಸಿ, ತಾನು ಪಟ್ಟ ಪಾಡು ಹೇಳದೆ ಅವನು ಯಾರನ್ನೂ ಮನೆಯಿಂದ ಬಿಡುತ್ತಿರಲಿಲ್ಲ. ಚಿಕ್ಕಮ್ಮ ತಡೆಯಲಾರದೆ ಒಂದು ದಿನ ಅದನ್ನೂ ಡ್ರಮ್ಮಿಗೆ ಹಾಕಿಬಿಟ್ಟಳು.

ಕೊನೆಗೆ ಎಲ್ಲವನ್ನೂ ಜರಡಿಗೆ ಸುರಿದಾಗ ಉಳಿದ ಕಲ್ಲುಗಳು ಮಿರಮಿರ ಮಿಂಚುತ್ತಿದ್ದವು. ಅದೊಂದೇ ಇರಲಿಲ್ಲ.

ಖಾಲಿ ಸೀಸೆ ಹಿಡಿದು ಬಂದ ಚಿಕ್ಕಪ್ಪ ಕೇಳಿದ, "ನನ್ನ ಕಲ್ಲೆಲ್ಲೇ?"

"ಹೊಳೆಯುತ್ತೇನೋ ಅಂತ ಹಾಕ್ದೆ ರೀ. ಪೂರ್ತಿ ಸವೆದೋಯ್ತು. ಸೀಮೆಸುಣ್ಣದ ಥರ ಮೆತ್ತಗಿತ್ತು."

ಚಿಕ್ಕಪ್ಪ ಜರಡಿಯಲ್ಲಿ ಒಮ್ಮೆ ಕೈಯಾಡಿಸಿ ನೋಡಿದ. ಆಮೇಲೆ ದನಿ ತಗ್ಗಿಸಿ ಹೇಳಿದ:

"ಮೆತ್ತಗಿತ್ತು ಅಂತ ಮಾತ್ರ ಯಾರ ಹತ್ರಾನೂ ಬಾಯಿ ಬಿಡ್ಬೇಡ ಕಣೇ."