ಖಾಲಿ ಹೊಟ್ಟೆಯಲ್ಲಿ ಸೂಜಿಗೆ ಕೂತದ್ದು

ಕಾವ್ಯಾ, ಹರ್ಷ, ಎದುರು ಕೂರಿಸಿಕೊಂಡು ಹೇಳಲಾರದ್ದನ್ನು ಬರೆದಿಡುತ್ತಿದ್ದೇನೆ. ನಾಲ್ಕು ಜನ ಸೇರಿದರೆ ಬಾಗಿಲ ಹಿಂದೆ ನಿಲ್ಲುವವಳು ನಿಮ್ಮಜ್ಜಿ. ಓದಿದ್ದು ಮೇಲೂರಿನ ಸ್ಕೂಲಿನಲ್ಲಿ, ಏಳನೇ ಕ್ಲಾಸಿನವರೆಗೆ. ತಪ್ಪಿದ್ದರೆ ತಿದ್ದಿಕೊಳ್ಳಿ.

ಹೋದ ವರ್ಷ ಒಂದು ಬೆಳಿಗ್ಗೆ ರೇಷ್ಮೆ ಹುಳಕ್ಕೆ ಸೊಪ್ಪು ಹಾಕಿ ಬಂದು ಮುಖ ತೊಳೆಯುತ್ತಿದ್ದೆ. ತಣ್ಣೀರು ಬಲಗೆನ್ನೆಗೆ ತಗುಲಿತು. ಯಾರೋ ಕರೆಂಟಿನ ತಂತಿಯನ್ನು ದವಡೆಗೆ ಚುಚ್ಚಿದ ಹಾಗಾಯಿತು. ಚೊಂಬು ಕೈಜಾರಿತು. ಬಚ್ಚಲ ಕಲ್ಲಿನ ಮೇಲೆ ಬಿದ್ದೆ.

ಕಿರುಚಿದರೆ ಇನ್ನೂ ಜೋರಾಗಿ ಹೊಡೆಯುತ್ತಿತ್ತು.

ಆಮೇಲೆ ಅದು ಗಾಳಿಗೂ ಬಂತು, ಮಾತಿಗೂ ಬಂತು, ಒಂದು ತುತ್ತು ಮುದ್ದೆಗೂ ಬಂತು. ಹಲ್ಲಿನದಿರಬೇಕೆಂದು ಶಿಡ್ಲಘಟ್ಟದಲ್ಲಿ ಎರಡು ಗಟ್ಟಿ ಹಲ್ಲು ಕೀಳಿಸಿದೆವು. ಹಲ್ಲು ಹೋದವು, ನೋವು ಉಳಿಯಿತು.

ಆಗ ನಿಮ್ಮ ತಾತನ ಅಕ್ಕ ಮುನಿಯಮ್ಮ ಬರೆ ಹಾಕಬೇಕೆಂದರು. ನಮ್ಮ ಕಡೆ ಕಾಮಾಲೆಗೂ ಬರೆ, ಮಕ್ಕಳ ಹೊಟ್ಟೆನೋವಿಗೂ ಬರೆ. ಕುಡುಗೋಲಿನ ತುದಿಯನ್ನು ಒಲೆಯಲ್ಲಿ ಕೆಂಪಗೆ ಕಾಯಿಸಿದರು. ಪಕ್ಕದ ಮನೆಯ ಹೆಂಗಸರಿಬ್ಬರು ನನ್ನ ತೋಳು ಹಿಡಿದರು. ಕಾಲು ಹಿಡಿದದ್ದು ನಿಮ್ಮಪ್ಪ ಮಂಜು.

ಸುಡುತ್ತಿರುವ ವಾಸನೆ ನನ್ನದೇ ಚರ್ಮದ್ದೆಂದು ತಿಳಿಯಲು ಒಂದು ಗಳಿಗೆ ಬೇಕಾಯಿತು.

"ಬೊಟ್ಟಿಲ್ಲದ ಮುಖಕ್ಕೆ ಗುರುತು ಬಿದ್ರೆ ಯಾರು ನೋಡ್ಬೇಕು ಬಿಡಮ್ಮ, ಏಮೀ ಕಾದು, ಏನೂ ಆಗಲ್ಲ" ಎಂದು ಮುನಿಯಮ್ಮ ಬೆಣ್ಣೆ ಹಚ್ಚಿದರು. ಕಣ್ಣಿನ ಪಕ್ಕದ ಆ ಗಾಯ ಕೀವಾಯಿತು. ನೋವು ಅದರ ಕೆಳಗೇ ಹೊಡೆಯುತ್ತಿತ್ತು.

ಕೊನೆಗೆ ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಸ್ಕ್ಯಾನ್ ಮಾಡಿ ಕಾಯಿಲೆಯ ಹೆಸರು ಹೇಳಿದರು. ಟ್ರೈಜೆಮಿನಲ್ ನ್ಯೂರಾಲ್ಜಿಯಾ. ಮುಖದ ನರದ್ದು. ಮಾತ್ರೆಯಿಂದ ನೋವು ಅರ್ಧ ಇಳಿಯಿತು, ಆದರೆ ಡೋಸ್ ಹೆಚ್ಚಿಸಿದರೆ ಗೋಡೆ ಹಿಡಿದು ನಡೆಯುವಷ್ಟು ತಲೆಸುತ್ತು. ಚಿಂತಾಮಣಿಯಲ್ಲಿ ಸೂಜಿ ಚುಚ್ಚಿ ಆಕ್ಯುಪಂಕ್ಚರ್ ಮಾಡುವ ಎಂಬಿಬಿಎಸ್ ಡಾಕ್ಟರೊಬ್ಬರಿದ್ದಾರೆಂದು ಯಾರೋ ಹೇಳಿದರು. ಅದೂ ಆಗದಿದ್ದರೆ ಈ ಸಲ ಕೆನ್ನೆಯ ನಡುವೆಯೇ ಬರೆ ಎಂದು ಮುನಿಯಮ್ಮ ಹೇಳಿಟ್ಟಿದ್ದರು. ನಿಮ್ಮಪ್ಪ ಬೇಡವೆನ್ನಲಿಲ್ಲ.

ರೇಷ್ಮೆ ಹುಳು ಪೊರೆ ಬಿಡುವುದಕ್ಕೆ ನಾವು ಜ್ವರ ಎನ್ನುತ್ತೇವೆ. ಜ್ವರಕ್ಕೆ ಕೂತ ಹುಳಕ್ಕೆ ಯಾರೂ ಸೊಪ್ಪು ಹಾಕುವುದಿಲ್ಲ, ಹಾಕಿದರೆ ಬೆಳೆ ಕೆಡುತ್ತದೆ. ಮುನಿಯಮ್ಮ ಅದನ್ನೇ ಹಿಡಿದರು. "ಮೈ ಬದಲಾಗೋವಾಗ ಹೊಟ್ಟೆ ಖಾಲಿ ಇರ್ಬೇಕು ಕಣೇ. ಮಾತ್ರೇನೂ ಬೇಡ, ಸೂಜಿಗೂ ಅದಕ್ಕೂ ಜಗಳ ಆಗ್ತದೆ." ನನಗೂ ಸರಿಯೆನ್ನಿಸಿತು. ಹುಳು ಸಾಕಿ ಸಾಕಿ ನಮಗೆ ಎಲ್ಲದಕ್ಕೂ ಅದೇ ಲೆಕ್ಕ. ಹಿಂದಿನ ದಿನವೇ ಊಟ, ಮಾತ್ರೆ ಎರಡನ್ನೂ ಬಿಟ್ಟೆ.

ತಿಂದು ಬಂದಿದ್ದೀರಾ ಎಂದು ಚಿಂತಾಮಣಿಯ ಡಾಕ್ಟರು ಕೇಳಿದರು. ಮಾತಾಡಲು ನಾಚಿಕೆ, ಹೂಂ ಎನ್ನುವ ಹಾಗೆ ತಲೆಯಾಡಿಸಿದೆ. ಕೂದಲಿನಂಥ ಸೂಜಿಗಳು. ನೋವಿರುವ ಕೆನ್ನೆಯನ್ನು ಬಿಟ್ಟು ಕಾಲಿಗೆ, ಕೈಗೆ ಚುಚ್ಚಿದರು. ಇರುವೆ ಕಚ್ಚಿದಷ್ಟೇ, ಆಮೇಲೆ ಜೋಮು ಹಿಡಿದಂಥ ಭಾರ. ಹೆಬ್ಬೆರಳ ಸಂದಿಗೆ ಸೂಜಿ ಇಳಿದಾಗ ಮೈಯೆಲ್ಲ ಬೆವರು ಕಿತ್ತುಕೊಂಡು ಬಂತು. ಗೋಡೆ ಕಪ್ಪಾಯಿತು.

ಕುರ್ಚಿಯಿಂದ ಮುಖ ಅಡಿಯಾಗಿ ಬಿದ್ದೆನಂತೆ.

ಕಣ್ಣು ಬಿಟ್ಟಾಗ ನಿಮ್ಮಪ್ಪ ಡಾಕ್ಟರ ಕಾಲರ್ ಹಿಡಿದು ಗೋಡೆಗೆ ಒತ್ತಿದ್ದ. ಅವರ ತುಟಿ ಒಡೆದು ರಕ್ತ ಬರುತ್ತಿತ್ತು. "ನಮ್ಮಮ್ಮನ್ನ ಸಾಯಿಸಿಬಿಟ್ಟಲ್ಲಯ್ಯ" ಎನ್ನುತ್ತಿದ್ದ.

"ಆಮೇಲೆ ಹೊಡಿಯಪ್ಪ. ಮೊದ್ಲು ಅಮ್ಮನ ಕಾಲು ಎತ್ತಿ ಹಿಡ್ಕೊ" ಎಂದರು ಅವರು. ಸೂಜಿಗಳನ್ನು ಆಗಲೇ ತೆಗೆದಿದ್ದರು.

ಸಕ್ಕರೆ ನೀರು ಕುಡಿದ ಮೇಲೆ ನಿಜ ಹೇಳಿದೆ, ಹುಳದ ಮಾತನ್ನೂ ಹೇಳಿದೆ. ಡಾಕ್ಟರು ನಗಲಿಲ್ಲ. "ನೀವು ಹುಳ ಅಲ್ಲಮ್ಮ" ಎಂದರಷ್ಟೆ. ಹಸಿವು, ಹೆದರಿಕೆ ಎರಡೂ ಇದ್ದರೆ ಸೂಜಿಗೆ ತಲೆ ತಿರುಗುತ್ತದೆ, ಮೊದಲ ಸಲ ಮಲಗಿಸಿ ಚುಚ್ಚದಿದ್ದದ್ದು ತಮ್ಮ ತಪ್ಪು ಎಂದರು. ಈ ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಕೂಡ ಬರಬಹುದಂತೆ. ಮೈಯೊಳಗೆ ಶಕ್ತಿ ಹರಿಯುವ ದಾರಿಗಳಿವೆ ಎಂದು ಚೀನಾದವರು ಹೇಳುತ್ತಾರಂತೆ. ತಾವು ಓದಿದ ಡಾಕ್ಟರಿಕೆಯಲ್ಲಿ ಆ ದಾರಿ ಕಾಣುವುದಿಲ್ಲ, ಆದರೂ ಕೆಲವರಿಗೆ ನೋವು ತಗ್ಗುತ್ತದೆ, ನಿಮಗೆ ತಗ್ಗದಿದ್ದರೆ ಆಪರೇಷನ್ ಬಗ್ಗೆ ಬೆಂಗಳೂರಿನಲ್ಲಿ ಕೇಳಿ ಎಂದರು. ವಾಸಿಯಾಗುತ್ತದೆಂದು ಮಾತು ಕೊಡಲಿಲ್ಲ. ಅವರನ್ನು ನಂಬಿದ್ದು ಅದಕ್ಕೇ.

ಮರುದಿನ ಬೆಳಿಗ್ಗೆ ನೋವು ಹಿಂದೆಂದೂ ಬಾರದ ಹಾಗೆ ಬಂತು. ಒಂದಾದ ಮೇಲೊಂದು ಏಟು. ನೆಲಕ್ಕೆ ತಲೆ ಚಚ್ಚಿಕೊಂಡೆ. ಬಿಟ್ಟಿದ್ದ ಮಾತ್ರೆಯ ಸಿಟ್ಟು ಅದು. ಆದರೆ ಮುನಿಯಮ್ಮನಿಗೆ ಸೂಜಿ ಸೋತಿತು ಎಂದಾಯಿತು. ಕುಡುಗೋಲು ಒಲೆಗೆ ಹೋಯಿತು. ನಿಮ್ಮಪ್ಪ ಅಳುತ್ತಲೇ ನನ್ನ ಕಾಲು ಹಿಡಿದ.

ಕಾದ ಕಬ್ಬಿಣದ ಬಿಸಿ ಕೆನ್ನೆಗೆ ಬಡಿಯುತ್ತಿತ್ತು.

"ಕಾಲು ಬಿಡು ಮಂಜು" ಎಂದೆ. ಒಂದೊಂದು ಮಾತಿಗೂ ದವಡೆ ಸೀಳುತ್ತಿತ್ತು. "ಬೊಟ್ಟಿರ್ಲಿ, ಇಲ್ದಿರ್ಲಿ. ಇದು ನನ್ನ ಮುಖ."

ಅವನು ಬಿಟ್ಟ. ಎದ್ದು ಮುನಿಯಮ್ಮನ ಮಣಿಕಟ್ಟು ಹಿಡಿದ. ಕುಡುಗೋಲು ಕೆಳಗೆ ಬಿದ್ದು ಅವನ ಪಾದ ಸುಟ್ಟಿತು. "ಸಾಯಿ ಹಂಗಾದ್ರೆ" ಎಂದು ಮುನಿಯಮ್ಮ ಹೊರಗೆ ಹೋದರು. ಎಷ್ಟೋ ದಿನ ನನ್ನ ಕೈಯ ನೀರು ಮುಟ್ಟಲಿಲ್ಲ.

ಮಾತ್ರೆ ಮತ್ತೆ ಶುರು ಮಾಡಿದೆ. ವಾರವಾರವೂ ಇಡ್ಲಿ ತಿಂದು ಚಿಂತಾಮಣಿಯ ಬಸ್ಸು ಹತ್ತಿದೆ. ನಿಮ್ಮಪ್ಪ ಡಾಕ್ಟರ ಮುಂದೆ ತಲೆ ಎತ್ತುತ್ತಿರಲಿಲ್ಲ. ನಿಧಾನವಾಗಿ ಏಟುಗಳು ದೂರ ದೂರವಾದವು. ಬೆಂಗಳೂರಿನವರು ನೋಡಿ ಡೋಸ್ ಇಳಿಸಿದರು. ಸೂಜಿಯಿಂದಲೋ, ಮಾತ್ರೆಯಿಂದಲೋ, ಕಾಯಿಲೆಯೇ ದಣಿಯಿತೋ ನನಗೆ ಗೊತ್ತಿಲ್ಲ. ಕೆಲವು ಬೆಳಿಗ್ಗೆ ಈಗಲೂ ಬರುತ್ತದೆ. ಆದರೆ ಮುದ್ದೆ ನುಂಗುತ್ತೇನೆ, ನಿಮ್ಮನ್ನು ಹೆಸರು ಹಿಡಿದು ಕರೆಯುತ್ತೇನೆ. ಸಾಕು.

ಯಾರಾದರೂ ಹೊಸದಾಗಿ ಸೂಜಿಗೆ ಹೋಗುವವರಿದ್ದರೆ ಉಂಡು ಹೋಗಲಿ. ಮಲಗಿಸಿ ಚುಚ್ಚಿ ಎಂದು ಕೇಳಲಿ. ಸೂಜಿ ಹೊಸದೋ ಎಂದೂ ಕೇಳಬೇಕು, ನಾನು ಅದನ್ನು ಕೇಳಲು ತಿಂಗಳು ಹಿಡಿಯಿತು. ತಿನ್ನುತ್ತಿರುವ ಮಾತ್ರೆ, ಬೇರು, ಕಷಾಯ ಒಂದನ್ನೂ ಡಾಕ್ಟರಿಂದ ಮುಚ್ಚಿಡಬಾರದು.

ಮಕ್ಕಳೇ, ಈ ಹಾಳೆಗಳನ್ನು ಜೋಪಾನ ಮಾಡಿ. ಮುಂದೆ ನಮ್ಮ ಮನೆಯಲ್ಲಿ ಯಾರಿಗಾದರೂ ನೋವು ಬಂದು, ಒಲೆಯಲ್ಲಿ ಯಾರಾದರೂ ಕಬ್ಬಿಣ ಕಾಯಿಸಲು ಹೊರಟರೆ, ಅದು ಕೆಂಪಾಗುವ ಮುಂಚೆ ಇದನ್ನು ಗಟ್ಟಿಯಾಗಿ ಓದಿ.